ಎದುರು ಕೂತವರ ಬೆನ್ನ ಹಿಂದೆ ಯಾರಿದ್ದಾರೆ?

ಬೆಳಿಗ್ಗೆ ಏಳೂವರೆಗೆ ಕೆ.ಆರ್. ಪುರದ ನಮ್ಮ ಮನೆಯಿಂದ ಎರಡು ಟಿಫನ್ ಬಾಕ್ಸ್ ಹೊರಡುತ್ತವೆ. ಒಂದು ನನ್ನದು, ಇಂದಿರಾನಗರದ ಆಫೀಸಿಗೆ. ಇನ್ನೊಂದು ಚಿಕ್ಕಪ್ಪನ ಮಗಳು ಪುಟ್ಟಿಯದು, ಶಿವಾಜಿನಗರ ಕಡೆಯ ಒಂದು ಆಸ್ಪತ್ರೆಗೆ. ಅವಳು ಎಂ.ಎಸ್ಸಿ. ಸೈಕಾಲಜಿ ಎರಡನೇ ವರ್ಷದಲ್ಲಿದ್ದಾಳೆ. ಕಾಲೇಜಿನವರು ಕ್ಲಿನಿಕಲ್ ಪ್ಲೇಸ್‌ಮೆಂಟಿಗೆ ಅಲ್ಲಿಗೆ ಹಾಕಿದ್ದಾರೆ.

ಪ್ಲೇಸ್‌ಮೆಂಟ್ ಅಂದ ತಕ್ಷಣ ತಿಪಟೂರಿನಿಂದ ನಮ್ಮಮ್ಮ ಫೋನಲ್ಲಿ ಕೇಳಿದ ಮೊದಲ ಪ್ರಶ್ನೆ, "ಸಂಬಳ ಎಷ್ಟಂತೆ?" ಮಗನನ್ನು ಎಂಜಿನಿಯರಿಂಗ್ ಓದಿಸಿದ ತಾಯಿಗೆ ಆ ಪದಕ್ಕೆ ಇರೋದು ಅದೊಂದೇ ಅರ್ಥ.

"ಕೆಲಸ ಅಲ್ಲಮ್ಮ, ಕಲಿಯೋಕೆ ಹೋಗೋದು. ಆಸ್ಪತ್ರೇಲಿ ಸೀನಿಯರ್ ಕೈಕೆಳಗೆ ಇರ್ತಾಳೆ. ಪೇಷಂಟ್‌ಗಳ ಜೊತೆ ಮಾತಾಡ್ತಾಳೆ."

"ಅಂದ್ರೆ ಕಾಯಿಲೆಯವರ ಮೇಲೆ ಕಲೀತಾರಾ?" ಅಂದಳು ಅಮ್ಮ.

ನಗು ಬಂತು, ಆದರೆ ನಗಲಿಲ್ಲ. ಯಾಕೆಂದರೆ ಎರಡು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ನಾನೇ ಕೇಳಿದ್ದೆ. ಆಗ ಆ 'ಕಾಯಿಲೆಯವನು' ನಾನೇ ಆಗಿದ್ದೆ.

ನನ್ನ ಮೇಲೆ ಪ್ರಾಕ್ಟೀಸಾ?

ಅಪ್ಪ ತೀರಿಕೊಂಡು ಐದಾರು ತಿಂಗಳಾಗಿತ್ತು. ಒಂದು ಸಂಜೆ ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ಕಲ್ಲಿ ಕ್ಯಾಬ್ ನಿಂತಿದ್ದಾಗ ಎದೆ ಬಿಗಿ ಹಿಡಿಯಿತು. ಬೆರಳು ಮರಗಟ್ಟಿತು, ಉಸಿರು ಸಾಲದೇ ಹೋಯಿತು. ಹಾರ್ಟ್ ಅಟ್ಯಾಕ್ ಅಂತಲೇ ಅಂದುಕೊಂಡೆ. ಡ್ರೈವರ್ ಪುಣ್ಯಾತ್ಮ, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದ. ಇಸಿಜಿ ನಾರ್ಮಲ್. ಮತ್ತೆರಡು ಸಲ ಹೀಗೇ ಆಯಿತು, ಮತ್ತೆರಡು ಸಲವೂ ನಾರ್ಮಲ್. ಕೊನೆಗೆ ಡಾಕ್ಟರು, "ಹೃದಯ ಚೆನ್ನಾಗಿದೆ. ಒಂದು ಸಲ ಸೈಕಾಲಜಿಸ್ಟ್ ಹತ್ತಿರ ಮಾತಾಡಿ" ಅಂತ ಚೀಟಿ ಬರೆದುಕೊಟ್ಟರು.

ಹೋದೆ. ನರೆಗೂದಲಿನ, ಕನ್ನಡಕದ ಯಾರೋ ಹಿರಿಯರು ಇರುತ್ತಾರೆ ಅಂತ ಎಣಿಸಿದ್ದೆ. ಎದುರಿಗೆ ಬಂದು ಕೂತದ್ದು ಇಪ್ಪತ್ತನಾಲ್ಕು ದಾಟದ ಹುಡುಗಿ. ಕೈಯಲ್ಲಿ ನೋಟ್‌ಬುಕ್, ಕೊರಳಲ್ಲಿ ಐಡಿ ಕಾರ್ಡು. ಅವರು ಹೇಳಿದ ಮೊದಲ ಮಾತು ಇನ್ನೂ ನೆನಪಿದೆ:

"ಸರ್, ನಾನು ಟ್ರೈನಿ. ನೀವು ಹೇಳೋದನ್ನ ನನ್ನ ಸೂಪರ್‌ವೈಸರ್ ಜೊತೆ ಚರ್ಚೆ ಮಾಡ್ತೀನಿ, ಬೇರೆ ಯಾರಿಗೂ ಹೇಳಲ್ಲ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದೆ ಅನ್ನಿಸಿದ್ರೆ ಮಾತ್ರ ಅದಕ್ಕೆ ಸಂಬಂಧಪಟ್ಟವರಿಗೆ ಹೇಳಬೇಕಾಗುತ್ತೆ. ಟ್ರೈನಿ ಬೇಡ ಅಂದ್ರೂ ಪರವಾಗಿಲ್ಲ, ಸೀನಿಯರ್ ನೋಡ್ತಾರೆ. ಸ್ವಲ್ಪ ಕಾಯಬೇಕಾಗಬಹುದು ಅಷ್ಟೆ."

ಸತ್ಯ ಹೇಳ್ತೀನಿ, ಮೋಸ ಹೋದ ಹಾಗಾಯಿತು. ನಾನೇನು ಇವರ ಟೆಸ್ಟ್ ಎನ್ವಿರಾನ್‌ಮೆಂಟಾ? ಎದ್ದು ಹೋಗೋಣ ಅನ್ನಿಸಿತು. ಆದರೆ ಅರ್ಧ ದಿನ ರಜೆ ಹಾಕಿದ್ದೆ. ದುಡ್ಡು ಬೇರೆ ಕಟ್ಟಿಯಾಗಿತ್ತು. ಕೂತೆ.

ಅವರು ಕೇಳುತ್ತಾ ಹೋದರು. ನಿದ್ರೆ, ಊಟ, ಕೆಲಸ, ಮನೆ. ಅಪ್ಪನ ವಿಷಯ ಬಂದಾಗ ನಾನು, "ಅಪ್ಪ ಹೋಗೋ ಹೊತ್ತಿಗೆ ನಾನು ರಿಲೀಸ್ ಕಾಲ್‌ನಲ್ಲಿದ್ದೆ. ಅಮ್ಮನ ಫೋನನ್ನ ಮೂರು ಸಲ ಕಟ್ ಮಾಡಿದ್ದೆ. ರಿಲೀಸ್ ಮಾತ್ರ ಸಕ್ಸೆಸ್" ಅಂತ ಹೇಳಿ ನಕ್ಕೆ. ಅವರೂ ನಕ್ಕರು. ಮಾತು ಮುಂದಕ್ಕೆ ಹೋಯಿತು.

ಮುಂದಿನ ವಾರ ಹೋದಾಗ ಅವರು ನೋಟ್‌ಬುಕ್ ತೆರೆಯಲಿಲ್ಲ. "ಕಳೆದ ವಾರ ಅಪ್ಪನ ಫೋನ್ ವಿಷಯ ಹೇಳಿ ನೀವು ನಕ್ಕಿರಿ. ನಾನೂ ನಕ್ಕುಬಿಟ್ಟೆ. ಅದನ್ನ ಹಾಗೇ ಬರೆದಿದ್ದೆ. ನನ್ನ ಸೂಪರ್‌ವೈಸರ್ ಅದನ್ನ ಓದಿ, 'ಇಲ್ಲಿ ನೀನ್ಯಾಕೆ ನಕ್ಕೆ?' ಅಂತ ಕೇಳಿದ್ರು. ನನ್ನ ಹತ್ತಿರ ಉತ್ತರ ಇರ್ಲಿಲ್ಲ. ಅದು ನಗೋ ಮಾತಾಗಿರ್ಲಿಲ್ಲ ಅಲ್ವಾ ಸರ್?"

ಅಪ್ಪ ಹೋದ ಮೇಲೆ ಅವತ್ತೇ ನಾನು ಮೊದಲ ಸಲ ಅತ್ತಿದ್ದು.

ಆ ಪ್ಯಾನಿಕ್ ಒಂದೇ ದಿನದಲ್ಲಿ ಮಾಯ ಆಗಲಿಲ್ಲ. ಎಂಟು ಸೆಷನ್ ಹಿಡಿಯಿತು. ಆದರೆ ಗಂಟು ಸಿಕ್ಕಿದ್ದು ಅಲ್ಲಿ. ಅದನ್ನು ಹಿಡಿದವರ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ. ಎದುರು ಕೂತ ಹುಡುಗಿಯ ಬೆನ್ನ ಹಿಂದೆ ಇನ್ನೊಂದು ಜೊತೆ ಕಣ್ಣು ಇತ್ತು. ತಪ್ಪು ಮಾಡಿದ್ದು ಟ್ರೈನಿ. ಆ ತಪ್ಪನ್ನು ನೋಟ್‌ಬುಕ್ಕಿನಲ್ಲಿ ಮುಚ್ಚಿಡದೇ ಬರೆದದ್ದೂ ಅದೇ ಟ್ರೈನಿ. ಅವರು ಅದನ್ನು ಬಿಟ್ಟು ಬರೆದಿದ್ದರೆ ಸೂಪರ್‌ವೈಸರ್‌ಗೆ ಗೊತ್ತೇ ಆಗುತ್ತಿರಲಿಲ್ಲ.

ಪ್ಲೇಸ್‌ಮೆಂಟಲ್ಲಿ ಏನು ಮಾಡ್ತಾರೆ?

ಈಗ ಪುಟ್ಟಿ ನಮ್ಮ ಮನೆಯಲ್ಲೇ ಇರೋದರಿಂದ ಟೇಬಲ್ಲಿನ ಆ ಬದಿಯೂ ಸ್ವಲ್ಪ ಕಾಣುತ್ತಿದೆ. ಪೇಷಂಟ್‌ಗಳ ವಿಷಯ ಅವಳು ಒಂದಕ್ಷರ ಹೇಳುವುದಿಲ್ಲ. ಕೆಲಸದ ರೀತಿ ಮಾತ್ರ ಹೇಳುತ್ತಾಳೆ.

ಮೊದಲ ಕೆಲವು ವಾರ ಬರೀ ನೋಡುವುದು. ಸೀನಿಯರ್ ಮಾತಾಡುವಾಗ ಮೂಲೆಯಲ್ಲಿ ಕೂರಬೇಕು, ಬಾಯಿ ಬಿಡುವಂತಿಲ್ಲ. ಆಮೇಲೆ ಹಿಸ್ಟರಿ ತೆಗೆಯುವುದು. ತೊಂದರೆ ಯಾವಾಗ ಶುರುವಾಯಿತು, ಹೇಗೆ ಹೆಚ್ಚಾಯಿತು, ಮನೆಯಲ್ಲಿ ಯಾರ್‍ಯಾರಿದ್ದಾರೆ, ಮೊದಲು ಏನಾದರೂ ಚಿಕಿತ್ಸೆ ಆಗಿತ್ತಾ. ಪೇಷಂಟ್ ಹೇಳುವುದು ಒಂದು, ಜೊತೆಗೆ ಬಂದವರು ಹೇಳುವುದು ಇನ್ನೊಂದು. ಎರಡನ್ನೂ ಬರೆಯಬೇಕು. ಯಾವುದು ನಿಜ ಅಂತ ತೀರ್ಪು ಕೊಡುವ ಹಾಗಿಲ್ಲ. ಆಮೇಲೆ ಕೇಸ್ ಪ್ರೆಸೆಂಟೇಷನ್. ಸೀನಿಯರ್‌ಗಳ ಎದುರು ನಿಂತು ಎಲ್ಲವನ್ನೂ ಒಪ್ಪಿಸಬೇಕು. "ಇದನ್ನ ಕೇಳಿದ್ಯಾ? ಯಾಕೆ ಕೇಳಲಿಲ್ಲ?" ಎಂಬ ಪ್ರಶ್ನೆಗಳಿಗೆ ಅವಳು ಹೆದರುವಷ್ಟು ನಾನು ನನ್ನ ಫೈನಲ್ ಇಯರ್ ವೈವಾಗೂ ಹೆದರಿಲ್ಲ.

ನಂತರ ಟೆಸ್ಟುಗಳು: ನೆನಪಿನ ಶಕ್ತಿ, ಗಮನ, ಬುದ್ಧಿಮಟ್ಟ. ಟೆಸ್ಟ್ ಮಾಡುವವರು ಟ್ರೈನಿ ಆದರೂ ರಿಪೋರ್ಟಿಗೆ ಸಹಿ ಹಾಕುವವರು ಸೂಪರ್‌ವೈಸರ್. ಕಡೆಗೆ, ಕೆಲವೇ ಕೆಲವು ಪೇಷಂಟ್‌ಗಳ ಜೊತೆ ಸ್ವತಃ ಕೂರುವ ಅವಕಾಶ. ಪ್ರತಿ ಸೆಷನ್ ಆದ ಮೇಲೆ ನೆನಪಿದ್ದಷ್ಟನ್ನೂ ಮಾತಿಗೆ ಮಾತು ಬರೆದು ಸೂಪರ್‌ವೈಸರ್ ಮುಂದೆ ಇಡಬೇಕು.

ಒಂದು ನಿಯಮಕ್ಕೆ ಮಾತ್ರ ರಿಯಾಯಿತಿ ಇಲ್ಲವಂತೆ. ಯಾರಾದರೂ ಸಾಯುವ ಮಾತಾಡಿದರೆ ಟ್ರೈನಿ ಒಬ್ಬಳೇ ಏನನ್ನೂ ನಿರ್ಧರಿಸುವ ಹಾಗಿಲ್ಲ. ನಾಳೆ ಹೇಳಿದರಾಯಿತು ಅನ್ನುವಂತಿಲ್ಲ. ಪೇಷಂಟ್ ಮನೆಗೆ ಹೊರಡುವ ಮೊದಲೇ ಸೀನಿಯರ್‌ಗೆ ತಿಳಿಯಬೇಕು.

ಹೋದ ತಿಂಗಳು ಒಂದು ದಿನ ಪುಟ್ಟಿ ತಡವಾಗಿ ಬಂದಳು. ಟಿಫನ್ ಬಾಕ್ಸ್ ತೊಳೆದಳು. ಒರೆಸಿದಳು. ಮತ್ತೆ ತೊಳೆದಳು. ನನ್ನ ಹೆಂಡತಿ, "ಏನಾಯ್ತೇ?" ಅಂದಳು. "ಹೇಳೋ ಹಾಗಿಲ್ಲ ಅತ್ತಿಗೆ. ಮೇಡಂ ಹತ್ತಿರ ಹೇಳಿದ್ದೀನಿ. ಅವರು ನನ್ನನ್ನ ಒಂದು ಗಂಟೆ ಕೂರಿಸಿಕೊಂಡಿದ್ರು, ಅದಕ್ಕೇ ಲೇಟು" ಅಂದಳು. ಅವಳೂ ತಿಂದಿರಲಿಲ್ಲ ಅಂತ ಕಾಣುತ್ತೆ, ಎರಡು ಸಲ ಅನ್ನ ಹಾಕಿಸಿಕೊಂಡಳು.

ಸೂಪರ್‌ವಿಷನ್ ಅಂದರೆ ಬರೀ ತಪ್ಪು ಹಿಡಿಯೋದು ಅಂತ ನಾನು ತಿಳಿದಿದ್ದೆ. ಅವತ್ತು ಅರ್ಥವಾಯಿತು, ಅದರಲ್ಲಿ ಮೂರು ಕೆಲಸ ಇದೆ. ಟ್ರೈನಿಗೆ ಕಲಿಸುವುದು, ಪೇಷಂಟನ್ನು ಕಾಯುವುದು, ಮತ್ತು ದಿನವಿಡೀ ಬೇರೆಯವರ ನೋವು ಕೇಳಿ ಬಂದ ಟ್ರೈನಿಯನ್ನೂ ಒಂದು ಗಂಟೆ ಕೂರಿಸಿಕೊಂಡು ಕೇಳುವುದು.

ಕೋಡ್ ರಿವ್ಯೂ ಥರಾನಾ?

ಆಫೀಸಿನಲ್ಲಿ ಇದನ್ನು ಹೇಳಿದರೆ ಗೆಳೆಯರು, "ಓ, ಕೋಡ್ ರಿವ್ಯೂ ಇದ್ದ ಹಾಗೆ" ಅನ್ನುತ್ತಾರೆ. ಒಂದು ಮಟ್ಟಿಗೆ ಹೌದು. ಫ್ರೆಶರ್ ಬರೆದ ಕೋಡನ್ನು ಸೀನಿಯರ್ ನೋಡದೇ ಪ್ರೊಡಕ್ಷನ್‌ಗೆ ಬಿಡುವುದಿಲ್ಲ. ಆದರೆ ನಮ್ಮಲ್ಲಿ ಕೋಡ್ ಕೆಟ್ಟರೆ ರೋಲ್‌ಬ್ಯಾಕ್ ಇದೆ. ಒಬ್ಬ ಮನುಷ್ಯನಿಗೆ ಆಡಿದ ಮಾತಿಗೆ ರೋಲ್‌ಬ್ಯಾಕ್ ಇಲ್ಲ. ಇನ್ನೊಂದು, ನಮ್ಮಲ್ಲಿ ಓದದೆಯೇ 'ಎಲ್‌ಜಿಟಿಎಂ' ಅಂತ ಟೈಪ್ ಮಾಡಿ ಅಪ್ರೂವ್ ಮಾಡುವ ಸೀನಿಯರ್‌ಗಳು ಎಷ್ಟು ಜನ ಇದ್ದಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ದುಃಖದ ಸಂಗತಿ ಅಂದರೆ ಆ ರೋಗ ಇಲ್ಲೂ ಇದೆ. ಪುಟ್ಟಿಯ ಕ್ಲಾಸ್‌ಮೇಟ್ ಒಬ್ಬಳು ಮೊದಲ ವರ್ಷದಲ್ಲಿ ದುಡ್ಡು ಕಟ್ಟಿ ಒಂದು ಖಾಸಗಿ ಸೆಂಟರಿನಲ್ಲಿ 'ಇಂಟರ್ನ್‌ಶಿಪ್' ಮಾಡಿದಳು. ಹದಿನೈದು ದಿನ ರಿಸೆಪ್ಷನ್ನಿನಲ್ಲಿ ಫೈಲ್ ಜೋಡಿಸಿದ್ದು, ಇನ್‌ಸ್ಟಾಗ್ರಾಮಿಗೆ ಪೋಸ್ಟರ್ ಮಾಡಿದ್ದು ಅಷ್ಟೆ. ಸರ್ಟಿಫಿಕೇಟಿನಲ್ಲಿ ಮಾತ್ರ ನೂರಿಪ್ಪತ್ತು ಗಂಟೆ ಕ್ಲಿನಿಕಲ್ ಅನುಭವ ಅಂತ ಇದೆ. ಇನ್ನೊಬ್ಬನನ್ನು ಒಂದು ಶಾಲೆಗೆ ಕಳಿಸಿದರು. ಮೂರನೇ ದಿನವೇ ಒಂದು ರೂಮು ಕೊಟ್ಟು ಹೊರಗೆ 'ಕೌನ್ಸೆಲರ್' ಅಂತ ಬೋರ್ಡ್ ಹಾಕಿದರು. ಕೇಳಲು ಸೂಪರ್‌ವೈಸರ್ ಇಲ್ಲ. ಒಬ್ಬ ಹುಡುಗ ಬಂದು ಮನೆಯಲ್ಲಿ ಹೊಡೀತಾರೆ ಅಂದಾಗ ಇವನಿಗೆ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲವಂತೆ. ರಾತ್ರಿ ಹನ್ನೊಂದಕ್ಕೆ ಪುಟ್ಟಿಗೆ ಫೋನ್ ಮಾಡಿದ್ದ. ಅವಳೂ ಅವನಷ್ಟೇ ಓದಿದವಳು.

ಅಮ್ಮ ಕೇಳಿದ ಪ್ರಶ್ನೆ ಹೊಂದುವುದು ಇಲ್ಲಿಗೆ. ಕಲಿಯುವವರು ಪೇಷಂಟ್ ಹತ್ತಿರ ಬರುವುದು ತಪ್ಪಲ್ಲ, ಎಲ್ಲ ಡಾಕ್ಟರೂ ಹಾಗೇ ಕಲಿತದ್ದು. ಹಿಂದೆ ಯಾರೂ ಇಲ್ಲದೆ ಒಬ್ಬರನ್ನೇ ಕೂರಿಸುವುದು ತಪ್ಪು. ಅದು ಪೇಷಂಟಿಗೂ ಅನ್ಯಾಯ, ಆ ವಿದ್ಯಾರ್ಥಿಗೂ ಅನ್ಯಾಯ.

ಇದು ನಮ್ಮೂರಿಗೆ ಹೊಸದಲ್ಲ

ಈ ಪದ್ಧತಿಗೆ ನೂರು ವರ್ಷದ ಇತಿಹಾಸ ಇದೆ. ಬರ್ಲಿನ್ನಿನಲ್ಲಿ 1920ರಲ್ಲಿ ಶುರುವಾದ ಮನೋವಿಶ್ಲೇಷಣೆಯ ಕ್ಲಿನಿಕ್ಕಿನಲ್ಲಿ, ಹಿರಿಯರ ಕಣ್ಣಳತೆಯಲ್ಲಿ ಕೇಸ್ ನೋಡುವುದು ತರಬೇತಿಯ ಭಾಗವಾಯಿತು. ಅಮೆರಿಕದ ಬೋಲ್ಡರ್‌ನಲ್ಲಿ 1949ರಲ್ಲಿ ನಡೆದ ಸಮ್ಮೇಳನ, ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವವರು ಸಂಶೋಧನೆಯನ್ನೂ ಕಲಿಯಬೇಕು, ಆಸ್ಪತ್ರೆಯಲ್ಲೂ ದುಡಿದು ಕಲಿಯಬೇಕು ಅಂತ ಗೊತ್ತುಮಾಡಿತು.

ಬೆಂಗಳೂರು ಬಹಳ ಹಿಂದೆ ಬೀಳಲಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಎಂ.ವಿ. ಗೋಪಾಲಸ್ವಾಮಿ ಮನಶ್ಶಾಸ್ತ್ರ ವಿಭಾಗ ಕಟ್ಟಿದ್ದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ 'ಆಕಾಶವಾಣಿ' ರೇಡಿಯೋ ಶುರುಮಾಡಿದವರೂ ಇದೇ ಮನಶ್ಶಾಸ್ತ್ರದ ಮೇಷ್ಟ್ರು. 1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮರುವರ್ಷವೇ, 1955ರಲ್ಲಿ, ಸೈಕಾಲಜಿ ಓದಿದವರಿಗೆ ಆಸ್ಪತ್ರೆಯೊಳಗೇ ತರಬೇತಿ ಕೊಡುವ ಕೋರ್ಸ್ ಅಲ್ಲಿ ಆರಂಭವಾಯಿತು. 1974ರಲ್ಲಿ ಆ ಆಸ್ಪತ್ರೆ, ಈ ಸಂಸ್ಥೆ ಎರಡೂ ಸೇರಿ ನಾವೆಲ್ಲ ಬಸ್ ಬೋರ್ಡಿನಲ್ಲಿ ಓದುವ ನಿಮ್ಹಾನ್ಸ್ ಆಯಿತು.

ಕಾನೂನು ಕೂಡ ಇದನ್ನು ಗುರುತಿಸಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಎಂ.ಎ., ಎಂ.ಎಸ್ಸಿ. ಮುಗಿಸಿದ ಮಾತ್ರಕ್ಕೆ ಯಾರೂ 'ಕ್ಲಿನಿಕಲ್ ಸೈಕಾಲಜಿಸ್ಟ್' ಆಗುವುದಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಮಾನ್ಯ ಮಾಡಿದ ಕ್ಲಿನಿಕಲ್ ಸೈಕಾಲಜಿ ಅರ್ಹತೆ ಬೇಕು. ಇಲ್ಲವೇ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಆಗಿರಬೇಕು, ಅದರಲ್ಲಿ ಮೇಲ್ವಿಚಾರಣೆಯ ಕ್ಲಿನಿಕಲ್ ತರಬೇತಿ ಇರಲೇಬೇಕು. ಎಂ.ಫಿಲ್. ಅನ್ನೇ ದೇಶದಲ್ಲಿ ನಿಲ್ಲಿಸಲು ಹೊರಟ ಯುಜಿಸಿ, ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್‌ಗೆ ಮಾತ್ರ 2025–26ರವರೆಗೆ ಮುಂದುವರಿಸಲು ಬಿಟ್ಟಿತು. ಅದೇ ಯುಜಿಸಿ 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣ, ಆನ್‌ಲೈನ್ ಮೂಲಕ ಕಲಿಸಬೇಡಿ ಅಂದಿದೆ. ಕೆಲಸ ಮಾಡಿಕೊಂಡೇ ಓದುತ್ತಿದ್ದ ಎಷ್ಟೋ ಜನಕ್ಕೆ ಇದರಿಂದ ಬೇಜಾರಾಗಿದೆ, ಅದು ಸಹಜ. ಆದರೆ ಲ್ಯಾಪ್‌ಟಾಪ್ ಮುಂದೆ ಕೂತು ಈಜು ಕಲಿಯಲು ಆಗುತ್ತಾ?

ಅಂದಹಾಗೆ, ಎಂ.ಎಸ್ಸಿ. ಮಾಡಿ ಕೌನ್ಸೆಲರ್ ಆಗಿರುವವರು ಕಡಿಮೆ ಅಂತ ಅಲ್ಲ. ಅವರ ಕೆಲಸವೇ ಬೇರೆ, ಅದಕ್ಕೂ ತುಂಬಾ ಬೆಲೆ ಇದೆ. ಒಳ್ಳೆಯ ಕೌನ್ಸೆಲರ್‌ಗಳು ಹತ್ತು ವರ್ಷ ಆದ ಮೇಲೂ ತಮ್ಮ ಕೇಸುಗಳನ್ನು ಹಿರಿಯರ ಮುಂದೆ ಇಡುತ್ತಾರೆ.

'ಎದೆ ಮೇಲೆ ಕಲ್ಲಿಟ್ಟ ಹಾಗೆ'

ಪುಟ್ಟಿಗೆ ತುಂಬಾ ಕಷ್ಟವಾಗಿರುವುದು ಭಾಷೆ. ಅವಳ ಪುಸ್ತಕ ಎಲ್ಲ ಇಂಗ್ಲಿಷು. ಪೇಷಂಟ್ ಯಾರೂ ಬಂದು "ನನಗೆ ಆಂಗ್ಸೈಟಿ ಇದೆ" ಅನ್ನುವುದಿಲ್ಲ. ಎದೆ ಡವಡವ ಅನ್ನುತ್ತೆ, ಊಟ ಸೇರಲ್ಲ, ಕೈಕಾಲಲ್ಲಿ ಜೀವ ಇಲ್ಲ, ಎದೆ ಮೇಲೆ ಕಲ್ಲಿಟ್ಟ ಹಾಗೆ ಅನ್ನುತ್ತಾರೆ. ಶಿವಾಜಿನಗರದ ಅಜ್ಜಿ ದಖನಿಯಲ್ಲಿ "ದಿಲ್ ಘಬ್ರಾರಾ" ಅಂದರೆ, ಹಲಸೂರಿನಿಂದ ಬಂದವರು ತಮಿಳಿನಲ್ಲಿ "ಮನಸು ಸರಿಯಿಲ್ಲೆ" ಅನ್ನುತ್ತಾರೆ. ಕೆ.ಆರ್. ಪುರ ಕಡೆಯವರ ಮಾತಿನಲ್ಲಿ ಅರ್ಧ ತೆಲುಗು ಇರುತ್ತದೆ. ದಂಡು ಪ್ರದೇಶ ಅಂದರೆ ಮೊದಲಿನಿಂದಲೂ ಹೀಗೇ, ಒಂದು ಬೀದಿಯಲ್ಲಿ ನಾಲ್ಕು ಭಾಷೆ. ಬರೀ ಮಾತಿನ ಅರ್ಥ ಗೊತ್ತಾದರೆ ಸಾಲದು, ಇದು ದೇಹದ ಕಾಯಿಲೆಯೋ, ದುಃಖವೋ, ಭಯವೋ ಅಂತ ಬಿಡಿಸಿ ನೋಡಬೇಕು. ಇದನ್ನು ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ. ಇಪ್ಪತ್ತು ವರ್ಷ ಅಲ್ಲೇ ಕೂತು ಕೇಳಿದ ಸೀನಿಯರ್‌ಗೆ ಗೊತ್ತಿರುತ್ತದೆ.

ಇದು ಹೊಸ ತಲೆನೋವೂ ಅಲ್ಲ. 1930ರ ದಶಕದಲ್ಲಿ ವಿ.ವಿ. ಕಾಮತ್ ಧಾರವಾಡದಲ್ಲಿ ಕೂತು ವಿದೇಶದ ಬಿನೆ ಬುದ್ಧಿಮಾಪನ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಆ 'ಬಿನೆ–ಕಾಮತ್' ಪರೀಕ್ಷೆಯನ್ನು ಇವತ್ತಿಗೂ ನಮ್ಮ ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ಮಗುವೊಂದರ ಅಂಗವೈಕಲ್ಯ ಪ್ರಮಾಣಪತ್ರ, ಅದರಿಂದ ಬರುವ ಪಿಂಚಣಿ, ಶಾಲೆಯ ಸವಲತ್ತು ಇಂಥ ಪರೀಕ್ಷೆಯ ಅಂಕದ ಮೇಲೆ ನಿಂತಿರಬಹುದು. ಟ್ರೈನಿ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ಕೇಳಿದರೂ ಅಂಕ ಬದಲಾಗಬಹುದು. ಪಕ್ಕದಲ್ಲಿ ತಿಳಿದವರು ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ನೀವು ಕೇಳಬಹುದಾದ ಮೂರು ಮಾತು

ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಏನಾದರೊಂದು ಮಾನಸಿಕ ತೊಂದರೆ ಇತ್ತು. ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಜನ ಚಿಕಿತ್ಸೆಯೇ ಪಡೆದಿರಲಿಲ್ಲ. ಇಷ್ಟೊಂದು ಜನಕ್ಕೆ ಕೇಳುವ ಕಿವಿ ಬೇಕಾದರೆ ಟ್ರೈನಿಗಳು ಬೇಕೇ ಬೇಕು. ಹಾಗಾಗಿ ಟ್ರೈನಿ ಅಂದ ಕೂಡಲೇ ನನ್ನ ಹಾಗೆ ಮುಖ ಸಿಂಡರಿಸಬೇಡಿ. ಆಸ್ಪತ್ರೆ ಇರಲಿ, ಆ್ಯಪ್ ಇರಲಿ, ಇನ್‌ಸ್ಟಾಗ್ರಾಮಿನ ಥೆರಪಿಸ್ಟ್ ಇರಲಿ, ಇಷ್ಟು ಕೇಳಿ:

ಒಂದು, ನಿಮ್ಮ ಓದು ಏನು? ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಂಡರೆ ಆರ್‌ಸಿಐ ನೋಂದಣಿ ಸಂಖ್ಯೆ ಕೇಳಬಹುದು.

ಎರಡು, ನಿಮ್ಮ ಸೂಪರ್‌ವೈಸರ್ ಯಾರು? ನನ್ನ ವಿಷಯ ಅವರ ಜೊತೆ ಎಷ್ಟು ದಿನಕ್ಕೊಮ್ಮೆ ಮಾತಾಡುತ್ತೀರಿ?

ಮೂರು, ನಾನು ಹೇಳಿದ್ದು ಎಲ್ಲಿ ಬರೆದಿಡುತ್ತೀರಿ, ಯಾರು ಓದುತ್ತಾರೆ? ರೆಕಾರ್ಡ್ ಮಾಡುವುದಾದರೆ ನಿಮ್ಮ ಒಪ್ಪಿಗೆ ಬೇಕೇ ಬೇಕು. ಬೇಡ ಅನ್ನುವ ಹಕ್ಕು ನಿಮಗಿದೆ.

ಒಳ್ಳೆಯವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ನನ್ನ ಟ್ರೈನಿ ಕೇಳುವ ಮೊದಲೇ ಹೇಳಿದ್ದರು. ಅಪಾಯಿಂಟ್‌ಮೆಂಟ್ ಸಿಗುವ ತನಕ ಕಾಯಲಾಗದಷ್ಟು ಕಷ್ಟವಾಗಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದಿನದ 24 ಗಂಟೆ, ಉಚಿತ. ಕನ್ನಡದಲ್ಲೂ ಮಾತಾಡಬಹುದು.

ಹೋದ ವಾರ ಅಮ್ಮ ಬಂದಿದ್ದಳು. ರಾತ್ರಿ ಊಟಕ್ಕೆ ಕೂತಾಗ ಪುಟ್ಟಿಯನ್ನು, "ಅಷ್ಟು ದಿನದಿಂದ ಹೋಗ್ತಿದ್ದೀಯಲ್ಲ, ಏನೇ ಕಲ್ತೆ?" ಅಂತ ಕೇಳಿದಳು.

ಪುಟ್ಟಿ ಯೋಚಿಸಿ, "ಎದುರಿಗಿರೋರು ಅಳುವಾಗ ಸುಮ್ನೆ ಕೂರೋದು ದೊಡ್ಡಮ್ಮ. ಅಳಬೇಡಿ ಅನ್ನದೇ ಇರೋದು" ಅಂದಳು.

"ಅದಕ್ಕೆ ಎರಡು ವರ್ಷ ಬೇಕಾ?" ಅಂದಳು ಅಮ್ಮ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿ, "ಅವತ್ತು ಮೂರು ಸಲ ಫೋನ್ ಮಾಡಿದ್ನಲ್ಲೋ, ನೀನು ಕಟ್ ಮಾಡಿದ್ದಕ್ಕೆ ನನಗೇನೂ ಬೇಜಾರಿಲ್ಲ ಕಣೋ" ಅಂದಳು.

ನಾನು ಅಮ್ಮನ ಹತ್ತಿರ ಆ ಮಾತು ಯಾವತ್ತೂ ಎತ್ತಿರಲಿಲ್ಲ. ಪುಟ್ಟಿ ತಟ್ಟೆ ನೋಡುತ್ತಾ ಸುಮ್ಮನೆ ಕೂತಿದ್ದಳು.